ಬಲ್ಬು ಬದಲಿಸಿದ ಮೇಲೆ

(ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ಗೆಳೆಯರು ಮೂರು ಸಂಜೆ ಹವಾಮಾನ ಬದಲಾವಣೆಯ ಕುರಿತ ಸಿನಿಮಾಗಳನ್ನು ತೋರಿಸಿದರು. ಕೊನೆಯ ಸಂಜೆ ನಾನು ಆಡಿದ ಮಾತುಗಳ ಬರಹ ರೂಪ ಇದು. ಬಾಯಿಗೆ ಬಂದಂತೆ ಹೇಳಿದ್ದ ಒಂದೆರಡು ಅಂಕಿಗಳನ್ನು ಮನೆಗೆ ಹೋಗಿ ತಿದ್ದಿದ್ದೇನೆ. ಸಭೆಯಲ್ಲಿ ಎದ್ದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ನಿನ್ನೆ ಸಂಜೆ ಗ್ರೀನ್‌ಲ್ಯಾಂಡಿನ ಹಿಮನದಿ ಅರ್ಧ ಉರುಳುವಷ್ಟರಲ್ಲಿ ಕರೆಂಟು ಹೋಯಿತು. ಪರದೆಯ ಮೇಲೆ ಊರಿಗೆ ಊರೇ ಅನ್ನುವಂಥ ಮಂಜಿನ ಗೋಡೆ ಸಮುದ್ರದತ್ತ ವಾಲುತ್ತಿತ್ತು, ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು, ಅಷ್ಟರಲ್ಲಿ ಕತ್ತಲು. ಹಿಂದಿನ ಸಾಲಿನಿಂದ ಯಾರೋ, 'ಉಳಿದದ್ದು ನಾಳೆ ಬೀಳುತ್ತದೆ ಬಿಡಿ, ಮಳೆ ಬರುವುದರೊಳಗೆ ಮನೆ ಸೇರೋಣ' ಎಂದರು. ಸಭೆ ನಕ್ಕಿತು. ಮುಕ್ಕಾಲು ಪಾಲು ಜನ ಎದ್ದು ಹೋದರು. ಉಳಿದವರು ಹದಿನೈದು ಮಂದಿ. ಆ ಕತ್ತಲೆಯಲ್ಲಿ ಕೂತು ಆಡಿದ ಮಾತುಗಳೇ ಇವತ್ತಿನ ನನ್ನ ಬಂಡವಾಳ.

ನೀವು ಅರ್ಧ ನೋಡಿದ ಚಿತ್ರ 'ಚೇಸಿಂಗ್ ಐಸ್', 2012ರದ್ದು. ಜೇಮ್ಸ್ ಬಲೋಗ್ ಎಂಬ ಛಾಯಾಗ್ರಾಹಕ ಹಿಮನದಿಗಳ ಎದುರು ಕ್ಯಾಮೆರಾ ನೆಟ್ಟು, ಅವು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುವುದನ್ನು ಸೆರೆಹಿಡಿದ ಕಥೆ. ಆ ಕುಸಿತ ನಡೆದದ್ದು 2008ರಲ್ಲಿ, ಇಲುಲಿಸಾಟ್ ಎಂಬಲ್ಲಿ. ಒಟ್ಟು 75 ನಿಮಿಷ ಅದು ಮುರಿಯುತ್ತಲೇ ಇತ್ತು. ಚಿತ್ರದಲ್ಲಿ ಅದರ ಗಾತ್ರವನ್ನು ನ್ಯೂಯಾರ್ಕಿನ ಮ್ಯಾನ್‌ಹಟನ್ನಿನ ಒಂದು ತುದಿಗೆ ಹೋಲಿಸುತ್ತಾರೆ. ಮ್ಯಾನ್‌ಹಟನ್ ನೋಡದವರಿಗೆ ಆ ಹೋಲಿಕೆಯಿಂದ ಏನೂ ಆಗುವುದಿಲ್ಲ. ಸದಾಶಿವಗಡದ ಗುಡ್ಡ ಬುಡಸಮೇತ ಕಾಳಿ ನದಿಗೆ ಮಗುಚಿತು ಎಂದು ಹೇಳಿದರೆ, ಗಾತ್ರ ತಾಳೆಯಾಗದಿದ್ದರೂ, ಕಾರವಾರದವರ ಎದೆ ಒಮ್ಮೆ ಝಲ್ಲೆನ್ನುತ್ತದೆ.

ಹಾಗೆ ಹೇಳಲು ಹೊರಟಾಗಲೇ ನಿನ್ನೆ ನನ್ನ ನಾಲಿಗೆ ತಡೆಯಿತು. ಎದುರಿಗೆ ಅಂಕೋಲೆ ಕಡೆಯವರು ಒಬ್ಬರು ಕೂತಿದ್ದರು. 2024ರ ಜುಲೈ 16ರಂದು ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಇಳಿದು, ಚಹಾದ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಅದನ್ನು ನಾವು ಸಿನಿಮಾದಂತೆಯೇ ನೋಡಿದೆವು, ಮೊಬೈಲಿನಲ್ಲಿ, ವಾರಗಟ್ಟಲೆ. ಆ ಅಂಕೋಲೆಯವರು ನಿನ್ನೆ ಕೇಳಿದ್ದು ಇಷ್ಟೇ: 'ಇಂಥ ಸಿನಿಮಾ ಮುಗಿದ ಮೇಲೆ ಕೊನೆಯಲ್ಲಿ ಏನು ಮಾಡಬೇಕು ಎಂದು ಹೇಳುತ್ತಾರಲ್ಲ, ಅದನ್ನೆಲ್ಲ ಮಾಡಿದ್ದರೆ ಶಿರೂರು ಉಳಿಯುತ್ತಿತ್ತೇ?'

ಶಿರೂರಿನ ಮಟ್ಟಿಗೆ ಉತ್ತರ ಸುಲಭ. ಅಲ್ಲಿ ಮಳೆಯೊಂದನ್ನೇ ದೂರುವಂತಿಲ್ಲ, ಚತುಷ್ಪಥಕ್ಕಾಗಿ ಗುಡ್ಡವನ್ನು ಕಡಿದ ಬಗೆಯನ್ನೂ ಕೇಳಬೇಕು. ಆದರೆ ಅವರ ಪ್ರಶ್ನೆ ಶಿರೂರಿಗೆ ಮುಗಿಯುವುದಿಲ್ಲ. ಸಿನಿಮಾ ಮುಗಿದ ಮೇಲೆ ಬರುವ ಆ ಕೊನೆಯ ಉಪದೇಶದ ಜೊತೆ ನನ್ನ ಜಗಳ ಹಳೆಯದು.

ನಾನು ಕರಾವಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳಿದವನು. ಈಗ ಘಟ್ಟದ ಮೇಲೆ ತೋಟ ನೋಡಿಕೊಂಡಿದ್ದೇನೆ. 2008ರಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಬೆಂಗಳೂರಿನಿಂದ ಒಂದು ಡಿವಿಡಿ ತಂದುಕೊಟ್ಟ. 'ಆನ್ ಇನ್‌ಕನ್ವೀನಿಯೆಂಟ್ ಟ್ರೂತ್', 2006ರ ಸಾಕ್ಷ್ಯಚಿತ್ರ, ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅದರ ನಾಯಕ. ನಾಯಕ ಎಂದರೆ ಏನು, ಒಬ್ಬ ಮೇಷ್ಟರು ಸ್ಲೈಡ್ ತೋರಿಸುತ್ತ ಪಾಠ ಮಾಡುವುದೇ ಇಡೀ ಸಿನಿಮಾ. ಅದಕ್ಕೆ ಆಸ್ಕರ್ ಬಂತು, 2007ರ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಗೋರ್‌ಗೆ ಅರ್ಧ ಪಾಲು ಬಂತು. ಪಾಠ ಹೇಳುವವರಿಗೆ ಇಷ್ಟೆಲ್ಲ ಸಿಗುತ್ತದೆ ಎಂಬುದೇ ನಮ್ಮ ಸಿಬ್ಬಂದಿ ಕೋಣೆಯಲ್ಲಿ ದೊಡ್ಡ ಸುದ್ದಿಯಾಗಿತ್ತು.

ಆ ಚಿತ್ರದಲ್ಲಿ ನನಗೆ ಇವತ್ತಿಗೂ ಇಷ್ಟವಾದ ದೃಶ್ಯ ಒಂದಿದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನ ರೇಖೆ ಗೋಡೆಯುದ್ದಕ್ಕೂ ಹೋಗಿ ಕೊನೆಗೆ ಎಷ್ಟು ಮೇಲೇರುತ್ತದೆ ಎಂದರೆ, ಅದನ್ನು ಮುಟ್ಟಿ ತೋರಿಸಲು ಗೋರ್ ಮೇಲೆತ್ತುವ ಯಂತ್ರವೊಂದನ್ನು ಹತ್ತಿ ನಿಲ್ಲುತ್ತಾನೆ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯಲು ಶುರುಮಾಡಿದಾಗ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಇದ್ದದ್ದು, ನಾನು ಮಕ್ಕಳಿಗೆ ಚಿತ್ರ ತೋರಿಸಿದಾಗ 385ರ ಆಸುಪಾಸಿನಲ್ಲಿತ್ತು. ಈಗ 420 ದಾಟಿದೆ. ಅಂದರೆ ಚಿತ್ರ ನೋಡಿ ಬದಲಾದವರನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ರೇಖೆ ಮಾತ್ರ ಏಣಿ ಕೇಳುತ್ತಲೇ ಇದೆ.

ಇಷ್ಟೆಲ್ಲ ತೋರಿಸಿ, ಕೊನೆಗೆ ಹೆಸರುಗಳು ಓಡುವಾಗ ನಡುನಡುವೆ ಸಲಹೆಗಳು ಬರುತ್ತವೆ: ವಿದ್ಯುತ್ ಉಳಿಸುವ ಬಲ್ಬು ಕೊಳ್ಳಿ, ಮನೆಯ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಹೊಂದಿಸಿ, ಗಿಡ ನೆಡಿ, ಹೀಗೆ. ದೇವರನ್ನು ನಂಬುವವರು ಪ್ರಾರ್ಥಿಸಿ ಎಂಬುದೂ ಇದೆ. ದೀಪ ಹಾಕಿದಾಗ ಮೊದಲ ಬೆಂಚಿನ ಹುಡುಗಿ ಎದ್ದು, 'ಸರ್, ಥರ್ಮೋಸ್ಟಾಟ್ ಎಂದರೆ ನಮ್ಮ ಮನೆಯಲ್ಲಿ ಯಾವುದು?' ಎಂದಳು. ನಾನು ಯೋಚಿಸಿ, 'ಬಚ್ಚಲ ಒಲೆಗೆ ಎಷ್ಟು ಕಟ್ಟಿಗೆ ಒಟ್ಟಬೇಕು ಎಂದು ತೀರ್ಮಾನಿಸುವವರು ಯಾರು?' ಎಂದೆ. 'ಅಜ್ಜಿ' ಎಂದಳು. ಹಾಗಾದರೆ ಅಜ್ಜಿಯೇ ಥರ್ಮೋಸ್ಟಾಟ್ ಎಂದು ಬರೆದುಕೊಳ್ಳಿ ಎಂದೆ. ತಮಾಷೆಯಾಗಿ ತರಗತಿ ಮುಗಿಯಿತು. ನನಗೆ ಮಾತ್ರ ಅದು ತಮಾಷೆಯಾಗಿ ಉಳಿಯಲಿಲ್ಲ. ಒಂದೂವರೆ ಗಂಟೆ ಇಡೀ ಭೂಮಿಯ ರೋಗ ತೋರಿಸಿ ಚೀಟಿಯಲ್ಲಿ ಶುಂಠಿ ಕಷಾಯ ಬರೆದುಕೊಟ್ಟ ಹಾಗಿತ್ತು. ಶುಂಠಿ ಕಷಾಯ ಕೆಟ್ಟದ್ದೆಂದು ಹೇಳುತ್ತಿಲ್ಲ. ನಾನೂ ಕುಡಿಯುತ್ತೇನೆ.

ಒಬ್ಬನ ಬದುಕಿನಿಂದ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂಬ ಲೆಕ್ಕಕ್ಕೆ 'ಕಾರ್ಬನ್ ಹೆಜ್ಜೆಗುರುತು' ಎನ್ನುತ್ತಾರೆ; ಆ ಮಾತಿನ ಹುಟ್ಟನ್ನು ಇಲ್ಲಿ ಹೇಳಬೇಕು. ಕೆನಡಾದ ವಿಲಿಯಂ ರೀಸ್ ಮತ್ತು ಅವರ ವಿದ್ಯಾರ್ಥಿ ಮಥಿಸ್ ವಾಕರ್ನಾಗೆಲ್ 1990ರ ದಶಕದಲ್ಲಿ ಪರಿಸರದ ಹೆಜ್ಜೆಗುರುತು ಎಂಬ ಲೆಕ್ಕ ಕಟ್ಟಿದರು. ಒಂದು ನಗರವೋ ದೇಶವೋ ಬದುಕಲು ಎಷ್ಟು ಭೂಮಿ ಬೇಕು ಎಂಬುದು ಅವರ ಪ್ರಶ್ನೆ. 2004ರ ಸುಮಾರಿಗೆ ತೈಲ ಕಂಪನಿ ಬಿಪಿ, ಭಾರಿ ಜಾಹೀರಾತಿನ ಜೊತೆಗೆ, ಪ್ರತಿಯೊಬ್ಬರೂ ತಮ್ಮ ತಮ್ಮ ಕಾರ್ಬನ್ ಹೆಜ್ಜೆಗುರುತು ಎಣಿಸಿಕೊಳ್ಳುವ ಕ್ಯಾಲ್ಕುಲೇಟರನ್ನು ಜನರ ಮುಂದಿಟ್ಟಿತು. ಮಾತು ಮನೆಮಾತಾದದ್ದು ಆ ಜಾಹೀರಾತಿನಿಂದ. ಎಣ್ಣೆ ಮಾರುವವನು ಗಿರಾಕಿಯ ಕೈಗೆ ತಕ್ಕಡಿ ಕೊಟ್ಟು, 'ನಿನ್ನ ಪಾಪ ನೀನೇ ತೂಗಿಕೋ' ಎಂದ. ಬಜಾರಿನಲ್ಲಿ ಅಡಿಕೆ ಮಾರಿದವರಿಗೆ ತಕ್ಕಡಿ ಯಾರ ಕೈಯಲ್ಲಿರುತ್ತದೆ ಎಂಬುದರ ಬೆಲೆ ಗೊತ್ತು.

ಹಾಗೆಂದು ತಕ್ಕಡಿಯನ್ನೇ ಬಿಸಾಡುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಮನೆಯನ್ನೇ ತೂಗಿ ನೋಡಿದೆ. ಮೂರು ಜನ: ನಾನು, ಹೆಂಡತಿ, ಅಮ್ಮ. ತಿಂಗಳಿಗೆ 90 ಯೂನಿಟ್ ವಿದ್ಯುತ್. ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ವರ್ಷಕ್ಕೆ 750 ಕಿಲೋ ಚಿಲ್ಲರೆ. ಆರು ಗ್ಯಾಸ್ ಸಿಲಿಂಡರ್; 14.2 ಕಿಲೋದ ಒಂದು ಸಿಲಿಂಡರ್ ಉರಿದರೆ 42 ಕಿಲೋ ಆಗುತ್ತದೆ, ಒಟ್ಟು 250. ಬೈಕಿಗೆ ತಿಂಗಳಿಗೆ 15 ಲೀಟರ್ ಪೆಟ್ರೋಲ್, ಲೀಟರಿಗೆ 2.3 ಕಿಲೋ ಲೆಕ್ಕದಲ್ಲಿ ವರ್ಷಕ್ಕೆ 400 ದಾಟುತ್ತದೆ. ಎಲ್ಲ ಸೇರಿ 1,400 ಕಿಲೋ, ತಲೆಗೆ ಅರ್ಧ ಟನ್ನಿಗಿಂತ ಕಡಿಮೆ. ತಿನ್ನುವುದು ಉಡುವುದು ಇದರಲ್ಲಿ ಸೇರಿಲ್ಲ, ನಿಜ. ಆದರೂ ಭಾರತೀಯನ ಸರಾಸರಿ ಸುಮಾರು ಎರಡು ಟನ್, ಅಮೆರಿಕದವನದು ಹದಿನಾಲ್ಕರ ಮೇಲೆ ಎಂದು ನೋಡಿ ನನಗೆ ನನ್ನ ಮೇಲೆಯೇ ಪ್ರೀತಿ ಉಕ್ಕಿತು.

ತೋಟದ ಪಂಪು ಈ ಲೆಕ್ಕದಲ್ಲಿಲ್ಲ ಎಂದು ಹೆಂಡತಿ ನೆನಪಿಸಿದಳು. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಪುಕ್ಕಟೆ. ಬಿಲ್ ಬಾರದ್ದು ಮನಸ್ಸಿಗೂ ಬಾರಲಿಲ್ಲ. ಆಮೇಲೆ ಅವಳೇ ಇನ್ನೊಂದನ್ನು ಹೇಳಿದಳು: 'ಬಾಣಂತನಕ್ಕೆ ಹೋಗಿದ್ದು?'

ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಮೊಮ್ಮಗ ಹುಟ್ಟಿದಾಗ ನಾವಿಬ್ಬರೂ ಹೋಗಿಬಂದೆವು. ಚೀಲದಲ್ಲಿ ಬಾಣಂತಿ ಲೇಹ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಎರಡು ಕಿಲೋ ತೊಡೆದೇವು. ಹೋಗಿಬರುವ ದಾರಿ ಸುಮಾರು 28,000 ಕಿಲೋಮೀಟರ್. ವಿಮಾನದ ಹೊಗೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಎಣಿಸುತ್ತಾರೆ. ಒಬ್ಬ ಪ್ರಯಾಣಿಕನ ತಲೆಗೆ ಒಂದೂವರೆ ಟನ್ನಿನಿಂದ ನಾಲ್ಕು ಟನ್ನಿನವರೆಗೆ ಬರುತ್ತದೆ. ನಡುವಿನ ಎರಡೂವರೆ ಹಿಡಿದೆ. ಇಬ್ಬರಿಗೆ ಐದು ಟನ್. ಮೂರು ವರ್ಷದ ಬಲ್ಬು, ಗ್ಯಾಸು, ಪೆಟ್ರೋಲು ಎಲ್ಲವನ್ನೂ ಒಂದು ಬಾಣಂತನ ನುಂಗಿ, ಮೇಲೆ ಇನ್ನೂ ಒಂದಿಷ್ಟು ತಿಂದಿತು. ಈ ಸಭೆಯಲ್ಲಿ ಹಾಗೆ ಹೋಗಿಬಂದವರು ಕೈ ಎತ್ತಿ ಎಂದರೆ... ಎತ್ತುವುದು ಬೇಡ, ನಗು ಕೇಳಿಸಿತು, ಸಾಕು.

ಹೋಗಬಾರದಿತ್ತೇ? ಹೋಗದೆ ಇರುತ್ತಿರಲಿಲ್ಲ. ಮುಂದಿನ ಸಲವೂ ಕರೆದರೆ ಹೋಗುತ್ತೇನೆ. ಆದರೆ ಅಲ್ಲಿಂದ ಬಂದ ಮೇಲೆ ಪಕ್ಕದ ಮನೆಯವರಿಗೆ ಬಲ್ಬಿನ ಉಪದೇಶ ಮಾಡುವ ಮುಖ ನನಗೆ ಉಳಿಯಲಿಲ್ಲ. ಲೆಕ್ಕದಿಂದ ಆದ ಉಪಕಾರ ಅದು. ದೊಡ್ಡ ಖರ್ಚು ಎಲ್ಲಿದೆ ಎಂದು ತೋರಿಸಿತು, ಮತ್ತು ಅದು ಬಡವರ ಮನೆಯಲ್ಲಿಲ್ಲ ಎಂದೂ ತೋರಿಸಿತು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೆಂಚಿನ ಮಾಡು ಇಳಿಸಿ ಆರ್‌ಸಿಸಿ ಸ್ಲ್ಯಾಬು ಹಾಕಿಸುವುದು, ಮುಂದಿನ ಏಪ್ರಿಲ್‌ನಲ್ಲಿ ಮನೆ ಕಾವಲಿಯಂತೆ ಕಾದಾಗ ಏಸಿ ತರುವುದು: ನಮ್ಮ ಊರುಗಳಲ್ಲಿ ಈಗ ಕಣ್ಣೆದುರೇ ನಡೆಯುತ್ತಿದೆ. ಥರ್ಮೋಸ್ಟಾಟ್ ಎಂದರೆ ಏನು ಎಂದು ಇನ್ನು ಯಾರೂ ಕೇಳುವುದಿಲ್ಲ. ಮನೆ ಕಟ್ಟಿಸುವವರು ಬಲ್ಬಿನ ಮೊದಲು ಮಾಡಿನ ಬಗ್ಗೆ ಯೋಚಿಸಿದರೆ ನನಗೆ ಸಂತೋಷ.

ಲೆಕ್ಕದಿಂದ ಆದ ಕೇಡೂ ಇದೆ. 'ಆನ್ ಇನ್‌ಕನ್ವೀನಿಯೆಂಟ್ ಟ್ರೂತ್'ಗೆ ಆಸ್ಕರ್ ಬಂದ ಬೆನ್ನಿಗೇ, ಗೋರ್‌ನ ಮನೆ ಅಮೆರಿಕದ ಸರಾಸರಿ ಮನೆಯ ಇಪ್ಪತ್ತು ಪಟ್ಟು ವಿದ್ಯುತ್ ಸುಡುತ್ತದೆ ಎಂದು ಒಂದು ಸಂಸ್ಥೆ ಸುದ್ದಿ ಹಬ್ಬಿಸಿತು. ಅಲ್ಲಿಗೆ ರೇಖೆ ಮರೆಯಾಯಿತು, ಮನೆಯ ಬಿಲ್ಲು ಮುಂದೆ ಬಂತು. ನಮ್ಮಲ್ಲೂ ಇದೇ. ಕಾಡಿನ ಬಗ್ಗೆ ಮಾತಾಡಲು ನಿಂತವನಿಗೆ, 'ನೀವು ಬಂದದ್ದು ಬೈಕಿನಲ್ಲಲ್ಲವೇ?' ಎಂದು ಕೇಳುವವರು ಒಬ್ಬರು ಇದ್ದೇ ಇರುತ್ತಾರೆ. ಇವತ್ತು ಅವರು ಕೇಳುವ ಮೊದಲು ಹೇಳುತ್ತೇನೆ: ಹೌದು, ಬೈಕಿನಲ್ಲೇ ಬಂದೆ. ಮೈಲಿಗೆಯಿಲ್ಲದವನೇ ಮಾತಾಡಬೇಕು ಎಂದಾದರೆ ಎಲ್ಲರೂ ಬಾಯಿ ಮುಚ್ಚಬೇಕಾಗುತ್ತದೆ. ಹಾಗೆ ಮುಚ್ಚಿದರೆ ಯಾರಿಗೆ ಲಾಭ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ದಿನ ತೋರಿಸಿದ ಹಿಂದಿ ಚಿತ್ರಕ್ಕೆ ಹೋಗೋಣ. ನೀಲಾ ಮಾಧವ ಪಾಂಡಾ ನಿರ್ದೇಶಿಸಿದ 'ಕಡ್ವೀ ಹವಾ', 2017ರದ್ದು. ಬರಗಾಲದ ಊರಿನ ಕುರುಡ ಮುದುಕ, ಸಾಲದಲ್ಲಿ ಮುಳುಗಿದ ಮಗ ಎಲ್ಲಿ ಜೀವ ಕಳೆದುಕೊಳ್ಳುತ್ತಾನೋ ಎಂದು ಹೆದರಿ ಸಾಲ ವಸೂಲಿಗೆ ಬರುವವನ ಜೊತೆ ಒಳಒಪ್ಪಂದ ಮಾಡಿಕೊಳ್ಳುತ್ತಾನೆ. ಆ ವಸೂಲಿಗಾರ ಒಡಿಶಾದ ಕಡಲ ತೀರದವನು. ಇವನಿಗೆ ಮಳೆಯಿಲ್ಲದ ಭಯ, ಅವನಿಗೆ ಕಡಲು ಉಕ್ಕುವ ಭಯ. ಯಾರ ಹೆಜ್ಜೆಗುರುತೂ ದೊಡ್ಡದಲ್ಲ. ಸಂಜಯ್ ಮಿಶ್ರಾ ಆ ಮುದುಕನಾಗಿ ಗಾಳಿಯನ್ನು ಮೂಸುವುದನ್ನು ನೋಡಿ ನಮ್ಮಲ್ಲಿ ಹಲವರಿಗೆ ಮೇ ತಿಂಗಳ ಕೊನೆಯಲ್ಲಿ ಅಂಗಳಕ್ಕೆ ಬಂದು ನಿಲ್ಲುತ್ತಿದ್ದ ಅಜ್ಜಂದಿರು ನೆನಪಾದರಂತೆ. ಈ ಸರಣಿಯಲ್ಲಿ ನನಗೆ ಹೆಚ್ಚು ಬೇಕಾದ ಚಿತ್ರ ಇದೇ. ಅದು ಯಾರಿಗೂ ಬಲ್ಬು ಬದಲಿಸಲು ಹೇಳುವುದಿಲ್ಲ. ಸಾಲ, ಮಳೆ, ಕಡಲು ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಮೂರನೆಯ ಸಲ ಬೋರ್ಡೋ ದ್ರಾವಣ ಸಿಂಪಡಿಸಲು ಸಾಲ ತೆಗೆದವರಿಗೆ, ಎಲೆಚುಕ್ಕಿ ಬಂದು ತೋಟ ಬೋಳಾಗುತ್ತಿರುವವರಿಗೆ, ಆ ಹಗ್ಗದ ಬಿಗಿ ಗೊತ್ತು.

ಈಗ ಆ ಕತ್ತಲೆಗೆ ಬರುತ್ತೇನೆ. ನಿನ್ನೆ ಕರೆಂಟು ಹೋದಾಗ ಜೋಯಿಡಾ ಕಡೆಯ ಒಬ್ಬ ಹುಡುಗ, 'ನಮ್ಮ ಜಿಲ್ಲೆಯಲ್ಲಿ ಕರೆಂಟು ಹೋಗುವುದೇ ಒಂದು ಸಾಕ್ಷ್ಯಚಿತ್ರ' ಎಂದ. ಕೈಗಾ ಅಣುಸ್ಥಾವರದ ನಾಲ್ಕು ಘಟಕಗಳು ತಲಾ 220, ಒಟ್ಟು 880 ಮೆಗಾವ್ಯಾಟ್. ಅಂಬಿಕಾನಗರದ ನಾಗಝರಿ ಜಲವಿದ್ಯುತ್ ಕೇಂದ್ರ ಸುಮಾರು 900. ಅಣೆಕಟ್ಟುಗಳಾದ ಕದ್ರಾ 150, ಕೊಡಸಳ್ಳಿ 120, ಸೂಪಾ 100. ಕಾಳಿ ನದಿಯ ಕಣಿವೆಯೊಂದರಲ್ಲೇ ಎರಡು ಸಾವಿರ ಮೆಗಾವ್ಯಾಟಿಗೂ ಹೆಚ್ಚು. ಇದರಲ್ಲಿ ಕಲ್ಲಿದ್ದಲು ಒಂದು ಚೂರೂ ಇಲ್ಲ. ಬೆಂಗಳೂರಿನವನು ಮೆಟ್ರೋದಲ್ಲಿ ಓಡಾಡಿ ತನ್ನ ಹೆಜ್ಜೆಗುರುತು ಇಷ್ಟು ಇಳಿಯಿತು ಎಂದು ಎಣಿಸಿದರೆ, ಆ ಇಳಿತದಲ್ಲಿ ಕಾಳಿಯ ನೀರೂ ಕೈಗಾದ ಯುರೇನಿಯಮ್ಮೂ ಇರುತ್ತವೆ.

ಸೂಪಾ ಎಂಬ ಊರು ಮಾತ್ರ ಇಲ್ಲ. ಅದು ಅಣೆಕಟ್ಟಿನ ನೀರಿನ ಅಡಿಯಲ್ಲಿದೆ. ಕದ್ರಾ ಮತ್ತು ಕೊಡಸಳ್ಳಿಯ ಹಿನ್ನೀರಿನಲ್ಲೂ ಗದ್ದೆ, ಮನೆ, ದೇವರ ಕಟ್ಟೆಗಳು ಮುಳುಗಿವೆ. ಯಾವ ಕ್ಯಾಲ್ಕುಲೇಟರಿನಲ್ಲೂ 'ಊರು ಬಿಟ್ಟದ್ದು' ಎಂಬ ಕಾಲಂ ನಾನು ನೋಡಿಲ್ಲ. ಕೃಷ್ಣಾಷ್ಟಮಿಯ ದಿನ ಹೊಸಿಲಿನಿಂದ ದೇವರ ಕೋಣೆಯವರೆಗೆ ಅಕ್ಕಿ ಹಿಟ್ಟಿನಲ್ಲಿ ಪುಟ್ಟ ಹೆಜ್ಜೆ ಬರೆಯುತ್ತೇವೆ, ಎಲ್ಲವೂ ಒಳಮುಖ. ಈ ಕಣಿವೆಯಲ್ಲಿ ಹೊರಮುಖವಾಗಿ ಹೋದ ಹೆಜ್ಜೆಗಳನ್ನು ಯಾರ ಖಾತೆಗೆ ಬರೆಯಬೇಕು?

ಇಲ್ಲಿ ನನಗೇ ಮುಜುಗರವಾಗುವ ಸಂಗತಿಯೂ ಇದೆ. ಕೈಗಾ ಬೇಡ ಎಂದು ನಾವು ಕೂಗಿದೆವು. ಶಿವರಾಮ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಯಲ್ಲಿ ಇದೇ ಜಿಲ್ಲೆಯಿಂದ ನಿಂತು ಸೋತರು. ಇವತ್ತು ಹವಾಮಾನದ ಪುಸ್ತಕ ತೆಗೆದರೆ ಪರಮಾಣು ವಿದ್ಯುತ್ತು ಕಡಿಮೆ ಇಂಗಾಲದ ಪಟ್ಟಿಯಲ್ಲಿ ಇರುತ್ತದೆ. ಹಾಗಾದರೆ ಅಂದು ನಾವು ತಪ್ಪಿದೆವೇ? ನಾವು ಅಂದು ಕೇಳಿದ್ದು ಇಂಗಾಲದ ಪ್ರಶ್ನೆಯಲ್ಲ. ಕಾಡು ಯಾರದ್ದು, ಅಪಾಯ ಯಾರದ್ದು, ನಮ್ಮನ್ನು ಕೇಳಿದವರು ಯಾರು ಎಂದು ಕೇಳಿದ್ದೆವು. ಆ ಪ್ರಶ್ನೆಗಳು ಕೈಗಾದ ದೀಪ ಹತ್ತಿದ ಮೇಲೂ ಆರಿಲ್ಲ. ಇಂಗಾಲ ಒಂದನ್ನೇ ಹಿಡಿದು ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಡುವವರ ಜೊತೆ ನಾನು ಅರ್ಧ ದಾರಿ ಮಾತ್ರ ಹೋಗಬಲ್ಲೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಇದು ಕಾಗದದ ಮೇಲೆ ನಾನೇ ಮಾಡಿದ್ದು, ನೀವೂ ಮಾಡಿ ನೋಡಬಹುದು. ಅಘನಾಶಿನಿ ಕಡಲು ಸೇರುವ ತದಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಬರುವುದಿತ್ತು. ಅದು ವರ್ಷದ ಶೇಕಡಾ 80ರಷ್ಟು ಹೊತ್ತು ಓಡಿದ್ದರೆ 2,800 ಕೋಟಿ ಯೂನಿಟ್. ಕಲ್ಲಿದ್ದಲಿನ ಯೂನಿಟ್ಟಿಗೆ 900 ಗ್ರಾಂ ಎಂದರೂ ವರ್ಷಕ್ಕೆ ಎರಡೂವರೆ ಕೋಟಿ ಟನ್ ಇಂಗಾಲದ ಡೈಆಕ್ಸೈಡ್. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 14 ಲಕ್ಷ ಚಿಲ್ಲರೆ. ತಲೆಗೆ ಎರಡು ಟನ್ ಹಿಡಿದರೆ ಇಡೀ ಜಿಲ್ಲೆಯದು 29 ಲಕ್ಷ ಟನ್ ಆಗುವುದಿಲ್ಲ. ಅಂದರೆ ಭಟ್ಕಳದಿಂದ ಹಳಿಯಾಳದವರೆಗೆ ಎಲ್ಲರೂ ದೀಪ ಆರಿಸಿ, ಒಲೆ ಆರಿಸಿ ಕತ್ತಲಲ್ಲಿ ಕೂತಿದ್ದರೂ, ಆ ಒಂದು ಚಿಮಣಿಯ ಹೊಗೆಯ ಒಂಬತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಉಳಿತಾಯವಾಗುತ್ತಿತ್ತು.

ಅದನ್ನು ತಡೆದವರಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರು ಇದ್ದರು, ಮೀನುಗಾರರು ಇದ್ದರು, ಉಪ್ಪುನೀರಿನ ಗಜನಿ ಗದ್ದೆಯವರು ಇದ್ದರು. ತಮ್ಮ ತಮ್ಮ ಹೆಜ್ಜೆಗುರುತು ಇಳಿಸಿಕೊಳ್ಳೋಣ ಎಂದು ಅವರು ಸೇರಿದ್ದಲ್ಲ, ನದಿಯ ಬಾಯಿ ಉಳಿಯಲಿ ಎಂದು ಸೇರಿದ್ದರು. ಯೋಜನೆ ಕೈಬಿಡಲಾಯಿತು. 2024ರ ಜನವರಿಯಲ್ಲಿ ಅದೇ ಅಘನಾಶಿನಿ ಅಳಿವೆಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು.

ಇಲ್ಲಿ ಒಬ್ಬರು ಎದ್ದು ನಿಂತರು. 'ಆ ಕಲ್ಲಿದ್ದಲು ತದಡಿಯಲ್ಲಿ ಉರಿಯದಿದ್ದರೆ ಇನ್ನೆಲ್ಲೋ ಉರಿದಿರುತ್ತದೆ. ಪಕ್ಕದ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್ ಸ್ಥಾವರ ಇದೆ. ನಾವು ಉಳಿದೆವು, ಆಕಾಶ ಉಳಿಯಿತೇ?' ಎಂದರು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆಕಾಶಕ್ಕೆ ಜಿಲ್ಲೆಯ ಗಡಿ ಇಲ್ಲ ಎಂಬುದು ನಿಜ. ಆದರೆ ಪ್ರತಿಯೊಂದು ಊರೂ ಇಲ್ಲಿ ಬೇಡ ಎಂದು ಗಟ್ಟಿಯಾಗಿ ಹೇಳಿದರೆ, 'ಹಾಗಾದರೆ ಬೇರೆ ದಾರಿ ಯಾವುದು' ಎಂದು ಸರಕಾರಗಳು ಯೋಚಿಸಲೇಬೇಕಾಗುತ್ತದೆ. ನಾನೊಬ್ಬ ಮನೆಯಲ್ಲಿ ಫ್ಯಾನ್ ಆರಿಸಿದರೆ ಯಾವ ಸರಕಾರಕ್ಕೂ ಏನೂ ಕೇಳಿಸುವುದಿಲ್ಲ.

ಶಿರಸಿಯಲ್ಲಿ ನಿಂತು ಇದನ್ನು ಹೇಳುವಾಗ ಸಾಲ್ಕಣಿಯ ಹೆಸರು ಹೇಳದಿದ್ದರೆ ಊರು ಮೆಚ್ಚುವುದಿಲ್ಲ. 1983ರ ಸೆಪ್ಟೆಂಬರ್ 8ರಂದು ಮಳೆಯಲ್ಲಿ ನೆನೆಯುತ್ತ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. 38 ದಿನ ಅದು ನಡೆಯಿತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತು ಗೋಡೆಗಳ ಮೇಲೆ ಬಂದವು. 'ಬಳಸು' ಎಂಬುದನ್ನು ಕೈಬಿಡಲಿಲ್ಲ ಎಂಬುದೇ ಆ ಅಪ್ಪಿಕೋ ಚಳವಳಿಯ ಜಾಣತನ. ಗೊಬ್ಬರಕ್ಕೆ ಸೊಪ್ಪು ಕೊಡುವ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಇಲ್ಲದೆ ತೋಟ ಇಲ್ಲ ಎಂದು ತಿಳಿದವರ ಘೋಷಣೆ ಅದು. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸವಲತ್ತು ಕೊಟ್ಟಿದ್ದರು. ಆ ಬೆಟ್ಟಗಳಲ್ಲಿ ಎಷ್ಟೋ ಇವತ್ತು ಬೋಳಾಗಿವೆ, ಬೋಳಿಸಿದವರು ಹೊರಗಿನವರಲ್ಲ. ಅಪ್ಪಿಕೊಂಡ ಕೈಗಳನ್ನು ಹೊಗಳುವಾಗ ಇದನ್ನೂ ಹೇಳಬೇಕು.

ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದ ಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಪದ್ಮಶ್ರೀ ತೆಗೆದುಕೊಂಡ ಚಿತ್ರ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಎಷ್ಟು ಹಗುರವಾದ ಹೆಜ್ಜೆ ಎಂದು ಬರೆದವರೂ ಇದ್ದರು. ನನಗೆ ಆ ಹೊಗಳಿಕೆ ಹಿಡಿಸಲಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿದು, ಯಾವ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬ ವಿದ್ಯೆಯನ್ನು ಕೈಯಲ್ಲಿ ಇಟ್ಟುಕೊಂಡಿದ್ದ ಹೆಂಗಸು ಆಕೆ. ಹೊಗಳುವುದಾದರೆ ಆ ವಿದ್ಯೆಯನ್ನು ಹೊಗಳಬೇಕು. ಬಡತನವನ್ನು ಕಡಿಮೆ ಇಂಗಾಲ ಎಂದು ಹೊಗಳುವುದು ಏಸಿ ಕೋಣೆಯಲ್ಲಿ ಕೂತವರಿಗೆ ಸುಲಭ.

ಕೊನೆಯದಾಗಿ ಇವತ್ತಿನ ಚಿತ್ರದ ಬಗ್ಗೆ ಎರಡು ಮಾತು. ಇದಕ್ಕೆ ಪ್ರಶಸ್ತಿ ಇಲ್ಲ, ಹೆಸರೂ ಇಲ್ಲ. ನಾನು ನಿವೃತ್ತನಾಗುವ ವರ್ಷ ಕುಮಟಾ ಕಡೆಯ ಐದು ವಿದ್ಯಾರ್ಥಿಗಳು ಮಾಣಿಕಟ್ಟೆಯ ಗಜನಿಯಲ್ಲಿ ಮೊಬೈಲಿನಲ್ಲಿ ತೆಗೆದದ್ದು. ಗಜನಿ ಎಂದರೆ ಕಡಲ ನೀರು ಹತ್ತಿ ಇಳಿಯುವ ಗದ್ದೆ. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಕೂಳೆ ಬಿಟ್ಟ ಗದ್ದೆಗೆ ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು. 1901ರಿಂದ 2018ರ ನಡುವೆ ಪ್ರಪಂಚದ ಕಡಲು ಸರಾಸರಿ 20 ಸೆಂಟಿಮೀಟರ್ ಏರಿದೆ ಎನ್ನುತ್ತಾರೆ, ಒಂದು ಗೇಣಿಗೆ ಸ್ವಲ್ಪ ಕಡಿಮೆ. ನಮಗೆ ಅದು ಅಂಕಿ. ಗಜನಿಯವರಿಗೆ ಆ ಗೇಣು ಎಂದರೆ ಒಡ್ಡಿನ ಮೇಲೆ ಎಷ್ಟು ಬುಟ್ಟಿ ಮಣ್ಣು ಹೆಚ್ಚು ಹಾಕಬೇಕು ಎಂಬ ಪ್ರಶ್ನೆ. ಒಬ್ಬನ ಗದ್ದೆಯ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು. ಹಾಗಾಗಿ ಅಲ್ಲಿ ಒಬ್ಬೊಬ್ಬನೇ ಬೇಸಾಯ ಮಾಡಲು ಬರುವುದಿಲ್ಲ, ಊರು ಸೇರಿಯೇ ಮಾಡಬೇಕು.

ಮಕ್ಕಳು ಚಿತ್ರವನ್ನು ಮೊದಲು ತೋರಿಸಿದ್ದು ಅದೇ ಊರಿನಲ್ಲಿ, ದೇವಸ್ಥಾನದ ಅಂಗಳದಲ್ಲಿ ಬಿಳಿ ಪಂಜೆ ಕಟ್ಟಿ. ಒಡ್ಡಿನ ಮೇಲೆ ಸೂರ್ಯಾಸ್ತ, ಬೆಳ್ಳಕ್ಕಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಸಾಲು, ಹಿನ್ನೆಲೆಗೆ ಕೊಳಲು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಒಬ್ಬ ಮುದುಕರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. 'ಒಡ್ಡು ಚೆನ್ನಾಗಿ ತೋರಿಸಿದಿರಿ ಮಕ್ಕಳೇ. ಏಡಿ ಬಿಲ ಎಲ್ಲಿ ತೋರಿಸಿದಿರಿ? ಒಡ್ಡು ಒಡೆಯುವುದು ಅಲ್ಲಿಂದ' ಎಂದರು. ಮಕ್ಕಳು ಮುಖ ಮುಖ ನೋಡಿಕೊಂಡರು. 'ನಾಡಿದ್ದು ಅಮಾವಾಸ್ಯೆ. ನಸುಕಿಗೆ ಇಳಿತ ಇರುತ್ತದೆ. ಬನ್ನಿ, ಕೈ ಹಾಕಿ ತೋರಿಸುತ್ತೇನೆ' ಎಂದರು ಅವರು.

ಮಕ್ಕಳು ಹೋದರು. ಆ ಭಾಗವನ್ನು ಕೊನೆಗೆ ಸೇರಿಸಿದ್ದಾರೆ. ಮೂರು ನಿಮಿಷ ಬರೀ ಕೆಸರು, ಒಂದು ಬ್ಯಾಟರಿಯ ಬೆಳಕು, ಭುಜದವರೆಗೆ ಬಿಲದೊಳಗೆ ಹೋದ ಒಂದು ಕೈ. ಕೊಳಲು ಇಲ್ಲ. ಇನ್ವರ್ಟರ್ ಇವತ್ತು ಪೂರ್ತಿ ಚಾರ್ಜ್ ಆಗಿದೆಯಂತೆ. ದೀಪ ಆರಿಸಿ, ನೋಡೋಣ.